ಕದಿರಮ್ಮ ಕೇಳಿದ ‘ಲಾ’

ಕ್ಯಾಸಂಬಳ್ಳಿ ಕಡೆಯ ಕದಿರಮ್ಮ ಪಾಯದ ಕಲ್ಲು ಕೂರಿಸುವುದರಲ್ಲಿ ಗಂಡಸರನ್ನು ಮೀರಿಸಿದವಳು. ಅವಳು ಕೂರಿಸಿದ ಕಲ್ಲನ್ನು ಹಾರೆ ಹಾಕಿದರೂ ಅಲುಗಿಸಲಾಗದು ಎಂದು ಮೇಸ್ತ್ರಿಗಳೇ ಹೇಳುತ್ತಿದ್ದರು.

ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆಯಲ್ಲಿ ಮಾರಿಕುಪ್ಪಂನಲ್ಲೊಂದು ಗೋದಾಮಿನ ಪಾಯದ ಕೆಲಸವಿತ್ತು. ಚಿನ್ನದ ಗಣಿಯಿಂದ ನಿವೃತ್ತನಾದ ಗುಮಾಸ್ತ ಕುಪ್ಪುಸ್ವಾಮಿ ಊಟದ ಹೊತ್ತಿಗೆ ಬಂದು ಕೂಲಿಗಳಿಗೆ ಪೇಪರ್ ಓದಿ ಹೇಳುತ್ತಿದ್ದ. ಸರ್ಕಾರದ ಬಾವಿಯಲ್ಲಿ ಯಾವ ಜಾತಿಯವರೂ ನೀರು ಸೇದಬಹುದು, ತಡೆದರೆ ಶಿಕ್ಷೆ, ಅದೀಗ ‘ಲಾ’ ಎಂದು ಆ ದಿನ ಓದಿದ.

“ಅಣ್ಣಾ, ಲಾ ಅಂದ್ರೇನು? ‘ಬಾರ್ಲಾ’ ಅಂತ ಕರೀತೀವಲ್ಲ, ಆ ಲಾನಾ?” ಕದಿರಮ್ಮ ಕೇಳಿದಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕುಪ್ಪುಸ್ವಾಮಿ ಮಾತ್ರ ಮರುದಿನ ರಟ್ಟು ಕಿತ್ತ ದಪ್ಪ ನಿಘಂಟನ್ನೇ ಹೊತ್ತು ತಂದ.

“ಲಾ ಅಂದ್ರೆ ಕಾನೂನು. ಇದು ಇಂಗ್ಲೀಷ್‌ನೋರ ಸ್ವಂತ ಮಾತೂ ಅಲ್ಲಮ್ಮಾ. ಸಾವಿರ ವರ್ಷದ ಕೆಳಗೆ ಬಡಗಲ ಸಮುದ್ರದಿಂದ ಹಡಗಿನಾಗೆ ಬಂದೋರು ತಂದಿದ್ದು. ಅವರ ಮಾತಿನಾಗೆ ‘ಇಟ್ಟಿದ್ದು’ ಅಂತ ಅರ್ಥ. ಕದಲ್ದಂಗೆ ಇಟ್ಟಿದ್ದು.”

ಕದಿರಮ್ಮ ತಟಕ್ಕನೆ ಎದ್ದು ನಿಂತಳು.

“ಇಟ್ಟಿದ್ದಾ? ನಾನು ದಿನಾ ಮಾಡೋ ಕೆಲ್ಸಾನೇ ಅಲ್ವೇನಣ್ಣಾ ಅದು!”

ಅವಳ ಊರಿನ ಸರ್ಕಾರಿ ಬಾವಿಗೆ ಕಲ್ಲು ಕಟ್ಟಿದವಳು ಅವಳೇ. ಕಟ್ಟಿ ಮುಗಿದ ದಿನದಿಂದ ಅವಳ ಕೇರಿಯವರು ಹತ್ತಿರ ಸುಳಿಯುವಂತಿರಲಿಲ್ಲ. ಮೇಲ್ಜಾತಿಯವರು ಯಾರಾದರೂ ಸೇದಿ ಹೊಯ್ಯುವ ತನಕ ದೂರದಲ್ಲಿ ಕಾಯಬೇಕಿತ್ತು. ಭಾನುವಾರ ಬೆಳಿಗ್ಗೆ ಕೊಡ, ಹಗ್ಗ ಹಿಡಿದು ನೇರ ಬಾವಿಗೇ ಹೋದಳು. ಕಟ್ಟೆ ಹತ್ತಿ ಕೊಡಕ್ಕೆ ಹಗ್ಗ ಬಿಗಿದಳು.

“ಏಯ್, ಇಳಿಯೇ ಕೆಳಕ್ಕೆ!” ಊರ ಯಜಮಾನ ಮುನಿಸ್ವಾಮಪ್ಪ ಕೂಗಿಕೊಂಡು ಬಂದ.

“ಈ ಕಟ್ಟೆ ಕಲ್ಲು ಇಟ್ಟೋಳು ನಾನು ಸ್ವಾಮಿ. ಅದರ ಮ್ಯಾಲೆ ದೇಶ ಒಂದು ಲಾ ಇಟ್ಟೈತೆ. ಎರಡ್ರಾಗೆ ಯಾವ್ದು ಕಿತ್ತಾಕ್ತೀರಾ, ಕಿತ್ತಾಕಿ ನೋಡಾನ!”

ಮುನಿಸ್ವಾಮಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಆ ಇಂಗ್ಲೀಷ್ ಮಾತು ಪೊಲೀಸರ ಬಾಯಲ್ಲಿ ಅವನೂ ಕೇಳಿದ್ದ. ಕೊಡ ಬುಳುಕ್ ಎಂದು ಮುಳುಗಿತು. ಕದಿರಮ್ಮ ಸರಸರನೆ ಸೇದಿ, ಕಟ್ಟೆಯ ಮೇಲೆ ನಿಂತೇ ಬೊಗಸೆ ತುಂಬ ಕುಡಿದಳು.

“ಪಾಪಕ್ಕಾ, ಮಾರಿಯಮ್ಮಾ, ಬರ್ರೇ! ಸಿಹಿ ನೀರು ಕಣ್ರೇ!”

ಕೇರಿಯ ಅಂಚಿನಲ್ಲಿ ಕೊಡ ಹಿಡಿದು ನಿಂತಿದ್ದ ಹೆಂಗಸರು ಮೊದಲು ನಡೆದರು, ಆಮೇಲೆ ಓಡಿದರು. ಬಿಸಿಲೇರುವಷ್ಟರಲ್ಲಿ ಬಾವಿಯ ಸುತ್ತ ಇಪ್ಪತ್ತು ಕೊಡಗಳಿದ್ದವು. ಮುನಿಸ್ವಾಮಪ್ಪ ತಿಂಗಳುಗಟ್ಟಲೆ ಅವಳೊಂದಿಗೆ ಮಾತು ಬಿಟ್ಟ. ಬಾವಿಗೆ ಮಾತ್ರ ಮತ್ತೆ ಯಾರೂ ಅಡ್ಡ ನಿಲ್ಲಲಿಲ್ಲ.