ಶಾಂತಾದೇವಿಯವರ ತಾರಸಿ, ನಮ್ಮ ಬೋಟುಗಳು

ಜಯಸಿಂಹ ಅವತ್ತು ಅಷ್ಟು ಜನರ ಎದುರಿಗೆ ನನಗೆ ಹೇಳಿದ ಮಾತನ್ನು ನಾನು ಇನ್ನೂ ಮರೆತಿಲ್ಲ. ಮರೆಯುವ ಯೋಚನೆಯೂ ಇಲ್ಲ. ಬಿಟಿಎಂ ಲೇಔಟಿನ ಅಂಚಿನಲ್ಲಿರುವ ನಮ್ಮ ಕೆರೆಯ ಬೋಟಿಂಗ್ ಗುತ್ತಿಗೆ ಅವರದು. ಹದಿನಾಲ್ಕು ಪೆಡಲ್ ಬೋಟುಗಳನ್ನು ಬಿಡುವ, ವಾಪಸ್ ಕರೆಸುವ ಕೆಲಸ ನನ್ನದು. ಮೂರು ವರ್ಷದ ಹಿಂದೆ ಏಪ್ರಿಲ್ ತಿಂಗಳ ಒಂದು ಭಾನುವಾರ ಆಕಾಶ ಕಪ್ಪಾಯಿತೆಂದು ಮೈಕಿನಲ್ಲಿ ಕೂಗಿ ಹದಿನಾಲ್ಕನ್ನೂ ದಡಕ್ಕೆ ತರಿಸಿದೆ. ಒಂದು ಹನಿಯೂ ಬೀಳಲಿಲ್ಲ. ಅರ್ಧ ಗಂಟೆಯ ಟಿಕೆಟ್ ತೆಗೆದುಕೊಂಡವರು ಹತ್ತು ನಿಮಿಷಕ್ಕೇ ಇಳಿಯಬೇಕಾಗಿ ಬಂದು ಜಗಳಕ್ಕೆ ನಿಂತರು. ಜಯಸಿಂಹ ಆ ಜನರ ಮುಂದೆಯೇ ನನ್ನನ್ನು ಕರೆದು, "ಬೋರಣ್ಣ, ಓದಿರೋದು ಏಳನೇ ಕ್ಲಾಸು. ಹವಾಮಾನ ಇಲಾಖೆ ಆಗಕ್ಕೆ ಹೋಗ್ಬೇಡ. ಟಿಕೆಟ್ ಹರಿ, ಬೋಟ್ ಬಿಡು," ಎಂದರು.

ಸರಿ ಎಂದು ಟಿಕೆಟ್ ಹರಿಯತೊಡಗಿದೆ. ಹನ್ನೆರಡು ದಿನ ಕಳೆದ ಮೇಲೆ ಮತ್ತೆ ಮೋಡ ಬಂತು. ಈ ಸಲ ನಾನು ಕರೆಯಲಿಲ್ಲ. ಗಾಳಿ ಎದ್ದು ಎರಡು ಬೋಟುಗಳನ್ನು ಪಶ್ಚಿಮದ ಜೊಂಡಿನೊಳಕ್ಕೆ ನೂಕಿತು. ನಾಲ್ಕು ಜನ ಕಾಲೇಜು ಹುಡುಗಿಯರು ಮಿಂಚು ಮಳೆಯಲ್ಲಿ ಮುಕ್ಕಾಲು ಗಂಟೆ ಅಲ್ಲೇ ನಡುಗುತ್ತಾ ಕೂತಿದ್ದರು. ಅದಕ್ಕೂ ಬೈಸಿಕೊಂಡವನು ನಾನೇ. ಇನ್ನೊಂದು ಸಲ ಹೀಗಾದರೆ ಬೋಟಿಂಗೂ ಮುಚ್ಚುತ್ತದೆ, ನಿನ್ನ ಕೆಲಸವೂ ಹೋಗುತ್ತದೆ ಎಂದರು. ಕರೆದರೂ ತಪ್ಪು, ಕರೆಯದಿದ್ದರೂ ತಪ್ಪು. ಆ ರಾತ್ರಿ ಮನೆಯಲ್ಲಿ ತಟ್ಟೆ ಎತ್ತಿ ಎಸೆದೆ. ಆದರೆ ಬೆಳಿಗ್ಗೆ ಎದ್ದಾಗ ಸಿಟ್ಟಿಗಿಂತ ಬೇರೆ ಏನೋ ತಲೆಯಲ್ಲಿ ಕೂತಿತ್ತು: ಈ ಮಳೆಯನ್ನು ಹಿಡಿದೇ ತೀರುತ್ತೇನೆ ಎಂಬ ಹಟ.

ಕಷ್ಟ ಏನೆಂದರೆ, ನಮ್ಮ ಕೆರೆಯ ನಡುವೆ ಒಂದು ದಿಬ್ಬವಿದೆ. ಬೆಳ್ಳಕ್ಕಿ, ನೀರುಕಾಗೆಗಳು ಅಲ್ಲಿ ಗೂಡು ಕಟ್ಟುತ್ತವೆ. ಫೋಟೋ ಹಿಡಿಯಲು ಎಲ್ಲರೂ ಅದರ ಆಚೆಗೇ ತುಳಿಯುತ್ತಾರೆ. ಅಲ್ಲಿಂದ ಬೋಟು ಹತ್ತಿ ಇಳಿಯುವ ಜೆಟ್ಟಿಗೆ ವಾಪಸ್ ಬರಲು ಗಟ್ಟಿ ಹುಡುಗರಿಗೆ ಹತ್ತು ನಿಮಿಷ ಬೇಕು, ಮಕ್ಕಳನ್ನು ಕೂರಿಸಿಕೊಂಡ ಅಪ್ಪಂದಿರಿಗೆ ಹದಿನೈದು. ಪೆಡಲ್ ಬೋಟು ಪ್ಲಾಸ್ಟಿಕ್ ಡಬ್ಬಿಯ ಹಾಗೆ. ಎದುರುಗಾಳಿ ಹೊಡೆದರೆ ತುಳಿದಷ್ಟೂ ಹಿಂದಕ್ಕೆ ಹೋಗುತ್ತದೆ. ಮಿಂಚು ಹೊಡೆಯುವ ಹೊತ್ತಿನಲ್ಲಿ ಆ ನೀರಿನ ಮೇಲೆ ಎಲ್ಲಕ್ಕಿಂತ ಎತ್ತರವಾಗಿರುವುದು ಅದರಲ್ಲಿ ಕೂತವರ ತಲೆ. ಹಾಗಾಗಿ ನನಗೆ ಬೇಕಾದದ್ದು ಇಪ್ಪತ್ತು ನಿಮಿಷ. ಬೇಸಿಗೆಯ ಮಳೆ ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ಪೂರ್ವದಿಂದ, ಹೊಸೂರು ರಸ್ತೆಯ ಕಡೆಯಿಂದ. ನಮ್ಮ ಜೆಟ್ಟಿಯೂ ಪೂರ್ವದ ಏರಿಯ ಮೇಲೇ ಇದೆ, ಅದರ ಬೆನ್ನಿಗೆ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟುಗಳು. ನನಗೆ ಮೋಡ ಕಾಣುವಷ್ಟರಲ್ಲಿ ಅದು ತಲೆಯ ಮೇಲೇ ಇರುತ್ತಿತ್ತು.

ಆ ಮೇ ತಿಂಗಳಲ್ಲೇ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಕೆರೆಯ ಉತ್ತರಕ್ಕೆ ನಾಲ್ಕು ಅಂತಸ್ತಿನ ಒಂದು ಮನೆ. ಅದರ ತಾರಸಿಯಲ್ಲಿ ದಿನವೂ ಹಳೇ ಸೀರೆಗಳನ್ನು ಹಾಸಿ ಯಾರೋ ಸಂಡಿಗೆ ಒಣಹಾಕುತ್ತಿದ್ದರು. ಅಂಚುಗಳು ಪ್ಯಾರಾಪೆಟ್ಟಿನ ಮೇಲೆ ಇಳಿಬಿದ್ದು ಜೆಟ್ಟಿಗೆ ಕಾಣುತ್ತಿದ್ದವು. ಮಳೆ ಬಂದ ದಿನವೆಲ್ಲ, ಮಳೆಗೆ ಮುಂಚೆ ಅವು ಮಾಯವಾಗಿರುತ್ತಿದ್ದವು. ಮೊದಲ ದಿನ ಕಾಕತಾಳೀಯ ಎಂದುಕೊಂಡೆ. ನಾಲ್ಕನೇ ದಿನ ಗಡಿಯಾರ ನೋಡಿದೆ. ಕೊನೆಯ ಸೀರೆ ಒಳಗೆ ಹೋಗಿ ಮೂರೇ ನಿಮಿಷಕ್ಕೆ ಮೊದಲ ಹನಿ. ಆಮೇಲೊಂದು ದಿನ ಆಕಾಶ ಕಪ್ಪಗಾಗಿ ನನ್ನ ಕೈ ಮೈಕಿನ ಮೇಲೆ ಹೋಗಿತ್ತು, ಸೀರೆಗಳು ಮಾತ್ರ ಅಲ್ಲಾಡಲಿಲ್ಲ. ಮಳೆಯೂ ಬರಲಿಲ್ಲ. ಅದೇ ಸಂಜೆ ಆ ಮನೆಯ ಮೆಟ್ಟಿಲು ಹತ್ತಿದೆ.

ಬಾಗಿಲು ತೆಗೆದವರು ಅರವತ್ತು ದಾಟಿದ ಹೆಂಗಸು. ಹಣೆಯ ಮೇಲೆ ವಿಭೂತಿ, ಮೊಣಕೈವರೆಗೆ ಅಕ್ಕಿಹಿಟ್ಟು. ನಾನು ಹೆಸರು ಹೇಳುತ್ತಿದ್ದಂತೆಯೇ ಅವರು ಒಳಗೆ ತಿರುಗಿ, "ರೀ, ಮೈಕಲ್ಲಿ ಬಯ್ಯೋರು ಬಂದಿದಾರೆ," ಎಂದು ಗಂಡನಿಗೆ ಹೇಳಿದರು. ನಾನು ಕೆಲಸಕ್ಕೆ ಸೇರಿದಾಗಿನಿಂದ ನನ್ನ ಬೈಗುಳವೆಲ್ಲ ಅವರ ತಾರಸಿಗೆ ಸರಿಯಾಗಿ ಕೇಳಿಸುತ್ತಿತ್ತಂತೆ. ಬಂದಿದ್ದು ಜಗಳಕ್ಕಲ್ಲ, ಮಳೆ ಕಲಿಯುವುದಕ್ಕೆ ಎಂದಾಗ ಅವರು ನಂಬಲೇ ಇಲ್ಲ.

ಶಾಂತಾದೇವಿಯವರು ಕೊಟ್ಟೂರಿನ ಕಡೆಯವರು. ಗಂಡ ಕೊಟ್ರಪ್ಪ ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅಂಗಡಿ ಮುಚ್ಚಿದ ವರ್ಷ ಈಕೆ ಎರಡು ಸೇರು ಅಕ್ಕಿಯಿಂದ ಹಪ್ಪಳ ಸಂಡಿಗೆ ಶುರು ಮಾಡಿದರು. ಮೊದಲ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ನಿದ್ದೆ ಹೋಗಿ ಎದ್ದಾಗ ಹಾಸಿದ್ದೆಲ್ಲ ಗಂಜಿಯಾಗಿ ಹರಿದು ಚರಂಡಿ ಸೇರಿತ್ತು. ಅವತ್ತು ಅತ್ತಿದ್ದು ಬಿಟ್ಟರೆ ಮುಂದೆ ಇಪ್ಪತ್ತಾರು ಬೇಸಿಗೆಗಳಲ್ಲಿ ಒಂದು ದಿನವೂ ಮಧ್ಯಾಹ್ನ ಮಲಗಿಲ್ಲ. ಮಾರ್ಚಿನಿಂದ ಮೇ ಕೊನೆಯವರೆಗೆ ಒಂದು ಗಂಟೆಯ ನಂತರ ಅವರು ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಆಕಾಶ ನೋಡುತ್ತಾರೆ. ಎಂಟು ಸೀರೆ ಸಂಡಿಗೆ ಒಳಗೆ ಸಾಗಿಸಲು ಅವರಿಗೂ ಇಪ್ಪತ್ತು ನಿಮಿಷ ಬೇಕು. ಇದನ್ನು ಕೇಳಿ ನಾನು ಅಲ್ಲೇ ನಕ್ಕುಬಿಟ್ಟೆ.

ಆ ವಾರದಿಂದ ನನ್ನ ರಜೆಯ ದಿನ ಅವರ ತಾರಸಿಯಲ್ಲಿ ಕಳೆಯತೊಡಗಿತು. ಅಲ್ಲಿ ನಿಂತರೆ ಹೊಸೂರು ರಸ್ತೆಯ ಆಚೆಗೂ ಆಕಾಶ ಕಾಣುತ್ತದೆ. ನಾನು ಕಪ್ಪು ಮೋಡ ತೋರಿಸಿದರೆ ಅವರು ತಲೆಯಾಡಿಸಿಬಿಡುತ್ತಿದ್ದರು.

"ಕಪ್ಪಗಿದೆಯಾ ಅಂತ ನೋಡ್ಬೇಡ್ರಿ ಬೋರಣ್ಣ, ಬೆಳೀತಾ ಇದೆಯಾ ಅಂತ ನೋಡ್ರಿ. ಕಪ್ಪಗಿರೋದೆಲ್ಲ ಸುರಿಯೋ ಹಾಗಿದ್ರೆ ನಾನು ಸಂಡಿಗೆ ಮಾರಿದ ಹಾಗೇ."

ಬೆಳೆಯುವ ಮೋಡದ ತಲೆ ಹೂಕೋಸಿನ ಹಾಗೆ, ಅಂಚು ಕತ್ತರಿಸಿಟ್ಟಷ್ಟು ಸ್ಪಷ್ಟ. ಟ್ಯಾಂಕಿನ ಪೈಪಿಗೆ ನೇರ ಹಿಡಿದು ನೋಡಿದರೆ ಅದು ಮೇಲೇರುವುದು ಕಣ್ಣಿಗೇ ಕಾಣುತ್ತದೆ. ಅದೇ ತಲೆ ಕರಗಿ, ಅಂಚು ಹಿಂಜಿದ ಹತ್ತಿಯಂತಾಗಿ ಚಪ್ಪಟೆಯಾಗಿ ಹರಡಿತು ಎಂದರೆ ಕೆಳಗೆ ಎಲ್ಲೋ ಮಳೆ ಶುರುವಾಗಿದೆ. ಆಮೇಲೆ ಗಾಳಿ. ಮಧ್ಯಾಹ್ನವಿಡೀ ಗಾಳಿ ಪಶ್ಚಿಮದಿಂದ ಮೋಡದ ಕಡೆಗೇ ಹೋಗುತ್ತಿರುತ್ತದೆ, ಮೋಡ ಅದನ್ನು ಎಳೆದುಕೊಳ್ಳುತ್ತಿರುವ ಹಾಗೆ. ಸೀರೆಯ ಅಂಚುಗಳೆಲ್ಲ ಪೂರ್ವಕ್ಕೆ ಹಾರುತ್ತವೆ. ಇದ್ದಕ್ಕಿದ್ದಂತೆ ಅವು ಇಳಿಬಿದ್ದು ಅಲ್ಲಾಡದೆ ನಿಂತರೆ ಅಪಾಯ ಹತ್ತಿರ. ಅದರ ಬೆನ್ನಿಗೇ ಎದುರು ದಿಕ್ಕಿನಿಂದ ತಣ್ಣನೆಯ ಗಾಳಿ ನುಗ್ಗುತ್ತದೆ, ಮಳೆ ಅದರ ಹಿಂದೆ. ಇಷ್ಟೆಲ್ಲ ಆಗುವ ಮುಂಚೆಯೇ, ಬೆಳಿಗ್ಗೆ ಹತ್ತಕ್ಕೇ ಅವರಿಗೆ ಒಂದು ಸುಳಿವು ಸಿಕ್ಕಿರುತ್ತಿತ್ತು. ಆರು ಗಂಟೆಗೆ ಹಾಕಿದ ಸಂಡಿಗೆಯ ಮೇಲ್ಮೈ ಆ ಹೊತ್ತಿಗೂ ಬೆರಳಿಗೆ ಅಂಟಿದರೆ ಗಾಳಿಯಲ್ಲಿ ನೀರಿದೆ, ಅವತ್ತು ಸಂಜೆ ಹುಷಾರು.

ನಾನು ಒಂದು ನೋಟ್‌ಬುಕ್ ಇಟ್ಟೆ. ಸಂಡಿಗೆ ಅಂಟಿತೇ, ಗಾಳಿ ಯಾವ ಕಡೆ, ಎಷ್ಟು ಹೊತ್ತಿಗೆ ನಿಂತಿತು, ಮಳೆ ಎಷ್ಟಕ್ಕೆ ಬಂತು. ಮೊಬೈಲಿನಲ್ಲಿ ರಡಾರ್ ಚಿತ್ರ ನೋಡುವುದನ್ನೂ ಕಲಿತೆ. ಹಸಿರು ಹಳದಿಯಾಗಿ, ಹಳದಿ ಕೆಂಪಾಗಿ ನಮ್ಮ ಕಡೆ ಸರಿಯುವುದನ್ನು ನೋಡಿ ಅವರಿಗೂ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಇದು ಹಿಂದಿನ ಮೋಡ, ಈಗಿನದು ಅಲ್ಲಿದೆ ಎಂದು ಆಕಾಶ ತೋರಿಸಿದರು. ನಿಜವೇ. ಚಿತ್ರ ಹತ್ತು ಹದಿನೈದು ನಿಮಿಷ ಹಳೆಯದಾಗಿರುತ್ತಿತ್ತು. ಎರಡನ್ನೂ ಸೇರಿಸಿ ನೋಡುವುದನ್ನು ಕಲಿತ ಮೇಲೆ ನನಗೆ ಹುಚ್ಚೇ ಹಿಡಿಯಿತು. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ಕತ್ತೆತ್ತಿಕೊಂಡೇ ಇರುತ್ತಿದ್ದೆ. ಸಿದ್ದಾಪುರದ ಹತ್ತಿರ ಒಂದು ದಿನ ಗುರುತಿಲ್ಲದ ಹೂವಿನವಳಿಗೆ ಇನ್ನು ಕಾಲು ಗಂಟೆಯಲ್ಲಿ ಮಳೆ, ಬುಟ್ಟಿ ಮುಚ್ಚಿ ಎಂದೆ. ಹದಿನೇಳನೇ ನಿಮಿಷಕ್ಕೆ ಸುರಿಯಿತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮುಂದಿನ ಬೇಸಿಗೆಗೆ ನಮ್ಮಿಬ್ಬರ ನಡುವೆ ಒಂದು ಕ್ರಮ ಏರ್ಪಟ್ಟಿತು. ಈ ಮೋಡ ಸುರಿದೇ ಸುರಿಯುತ್ತದೆ ಎಂದು ಅನಿಸಿದ ಕ್ಷಣ ಅವರು ತುದಿಯ ಹಸಿರು ಸೀರೆಯೊಂದನ್ನು ಎತ್ತುತ್ತಾರೆ. ಅದನ್ನು ನೋಡಿ ನಾನು ಮೂರು ಸಲ ಸೀಟಿ ಊದಬೇಕು. ಸೀಟಿ ಕೇಳಿದ ಮೇಲೆ ಅವರು ಉಳಿದ ಏಳನ್ನು ಎತ್ತುತ್ತಾರೆ, ನಾನು ಬೋಟುಗಳನ್ನು ಕರೆಯುತ್ತೇನೆ. ಆ ವರ್ಷ ಹತ್ತೊಂಬತ್ತು ಸಲ ಹೀಗೆ ಮಾಡಿದೆವು, ಹದಿನೇಳು ಸಲ ಮಳೆ ಬಂತು. ಜನ ಲೈಫ್ ಜಾಕೆಟ್ ಬಿಚ್ಚುತ್ತಿದ್ದಂತೆ ಹನಿ ಬೀಳುತ್ತಿತ್ತು. ಬೈಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಶೆಡ್ಡಿನ ಕೆಳಗೆ ಓಡುತ್ತಿದ್ದರು. ಜಯಸಿಂಹ ನನ್ನನ್ನು ಹೊಗಳಲಿಲ್ಲ, ಆದರೆ ಕರೆಯಬೇಡ ಎನ್ನುವುದನ್ನು ನಿಲ್ಲಿಸಿದರು.

ಹೋದ ವರ್ಷ ಮೇ ತಿಂಗಳ ಮೂರನೇ ಭಾನುವಾರ. ಹದಿನಾಲ್ಕೂ ಬೋಟುಗಳು ನೀರಿನಲ್ಲಿ. ಸಂಡಿಗೆ ಬೆಳಿಗ್ಗೆಯೇ ಅಂಟಿತ್ತು ಎಂದು ಶಾಂತಾದೇವಿ ಫೋನ್ ಮಾಡಿ ಹೇಳಿದ್ದರು, ಹಾಗಾಗಿ ನಾನು ಮೂರು ಗಂಟೆಯಿಂದ ತಾರಸಿಯನ್ನೇ ನೋಡುತ್ತಿದ್ದೆ. ಆಗ ಒಬ್ಬ ಯುವಕ ಬೋಟಿನಿಂದ ಇಳಿದ, ಸರದಿಯಲ್ಲಿದ್ದವರು ಅದನ್ನೇ ಹತ್ತಿ ಹೊರಟರು. ಸೆಲ್ಫಿಗೆಂದು ಬೋಟಿನಲ್ಲಿ ಎದ್ದು ನಿಂತವನು, ಮೈಕಿನಲ್ಲಿ ನನ್ನಿಂದ ಬೈಸಿಕೊಂಡವನು. ಎಲ್ಲರ ಮುಂದೆ ಮರ್ಯಾದೆ ತೆಗೆದೆ ಎಂದು ನನ್ನ ಮೇಲೆ ಬಂದ. ನಾನೂ ಬಿಡಲಿಲ್ಲ. ತಾರಸಿಗೆ ಬೆನ್ನು ಹಾಕಿ ಅವನ ಕಾಲರ್ ಹಿಡಿದೆ. ಎಷ್ಟು ಹೊತ್ತು ಕೂಗಾಡಿದೆನೋ ಗೊತ್ತಿಲ್ಲ. ಕೆರೆಯ ಕಡೆಯಿಂದ ಬೀಸುತ್ತಿದ್ದ ಗಾಳಿ ನಿಂತಿದ್ದು ಕೆನ್ನೆಗೆ ಗೊತ್ತಾಯಿತು, ತಲೆಗೆ ಹತ್ತಲಿಲ್ಲ.

ನನ್ನ ತೋಳನ್ನು ಯಾರೋ ಹಿಡಿದು ಜಗ್ಗಿದರು. ಶಾಂತಾದೇವಿ. ಕಾಲಲ್ಲಿ ಚಪ್ಪಲಿ ಇಲ್ಲ, ಏದುಸಿರು. ಹಸಿರು ಸೀರೆ ಎತ್ತಿ ಕಾದಿದ್ದರು, ಸೀಟಿ ಕೇಳಿಸಲಿಲ್ಲ. ಎರಡು ಸಲ ಫೋನ್ ಮಾಡಿದ್ದರು, ನನ್ನ ಫೋನು ಟಿಕೆಟ್ ಮೇಜಿನ ಮೇಲಿತ್ತು. ಕೊಟ್ರಪ್ಪನವರು ಮನೆಯಲ್ಲಿರಲಿಲ್ಲ. ಕರೆಂಟು ಹೋದರೆ ಲಿಫ್ಟಿನಲ್ಲಿ ಸಿಕ್ಕಿಬೀಳುತ್ತೇನೆಂದು ನಾಲ್ಕು ಅಂತಸ್ತು ಮೆಟ್ಟಿಲಿಳಿದು ಏರಿಯ ಮೇಲೆ ಓಡಿ ಬಂದಿದ್ದರು.

"ಆಮೇಲೆ ಹೊಡೆದಾಡಿ. ಮೊದ್ಲು ಮಕ್ಕಳನ್ನ ಕರೀರಿ."

ಸೀಟಿ ಊದಿದೆ, ಮೈಕಿನಲ್ಲಿ ಒಂದೊಂದೇ ನಂಬರ್ ಕೂಗಿದೆ. ದಿಬ್ಬದ ಈಚೆಗಿದ್ದ ಒಂಬತ್ತು ಬೇಗ ಬಂದವು. ಆಚೆಗಿದ್ದ ಐದರಲ್ಲಿ ನಾಲ್ಕು ಬಂದವು. ಆರನೇ ನಂಬರ್ ಬರಲಿಲ್ಲ. ಅದರಲ್ಲಿ ಒಬ್ಬ ತಂದೆ, ಎರಡು ಪುಟ್ಟ ಹೆಣ್ಣುಮಕ್ಕಳು. ಅಷ್ಟರಲ್ಲಿ ನನ್ನ ಬೆನ್ನಿಗೆ ತಣ್ಣನೆಯ ಗಾಳಿ ಹೊಡೆಯಿತು. ನೀರಿನ ಬಣ್ಣವೇ ಬದಲಾಗಿ ಜೆಟ್ಟಿಯಿಂದ ದಿಬ್ಬದ ಕಡೆಗೆ ಒಂದು ಕಪ್ಪು ಗೆರೆ ಓಡಿತು. ನಾನು ಜೆಟ್ಟಿಗೆ ಕಟ್ಟಿದ್ದ ರಕ್ಷಣೆಯ ಮೋಟರ್ ಬೋಟಿಗೆ ಹಾರಿ ಆ ಗೆರೆಯ ಹಿಂದೆಯೇ ಹೋದೆ. ಆರನೇ ನಂಬರ್ ಜೊಂಡಿನ ಕಡೆ ಜಾರುತ್ತಿತ್ತು, ತಂದೆ ತುಳಿಯುತ್ತಲೇ ಇದ್ದ. ಹಗ್ಗ ಎಸೆದೆ. ಮೊದಲ ಸಲ ತಪ್ಪಿತು. ಎರಡನೇ ಸಲ ದೊಡ್ಡ ಹುಡುಗಿ ಹಿಡಿದಳು. ಜೆಟ್ಟಿ ಮುಟ್ಟಿ, ಮಕ್ಕಳನ್ನು ಶೆಡ್ಡಿಗೆ ಸೇರಿಸುವುದಕ್ಕೂ ಕೆರೆಯ ಮೇಲೆ ಮಿಂಚು ಹೊಡೆಯುವುದಕ್ಕೂ ಒಂದು ನಿಮಿಷವೂ ಅಂತರವಿರಲಿಲ್ಲ. ಹದಿನಾಲ್ಕೂ ಬಂದವು. ನಾನು ಕುಣಿದೇಬಿಟ್ಟೆ. ಕಾಲರ್ ಹಿಡಿದಿದ್ದ ಹುಡುಗನನ್ನೇ ತಬ್ಬಿಕೊಂಡೆ.

ಆಮೇಲೆ ತಾರಸಿ ನೋಡಿದೆ. ಏಳು ಸೀರೆಗಳು ಮಳೆಯಲ್ಲಿ ಹಾಗೇ ಇದ್ದವು.

ಅದು ಪದ್ಮನಾಭನಗರದ ತೇಜಸ್ವಿನಿ ಎಂಬವರ ಮಗಳ ಮದುವೆಗೆಂದು ಮಾಡಿದ್ದ ಸಂಡಿಗೆ, ಮೂರು ದಿನದ ಕೆಲಸ. ಮದುವೆಗೆ ಐದೇ ದಿನ ಉಳಿದಿತ್ತು, ಮಳೆ ನಾಲ್ಕು ದಿನ ಬಿಡಲಿಲ್ಲ. ಹದಿನಾಲ್ಕು ವರ್ಷದಿಂದ ಆ ಮನೆಗೆ, ಆ ಮನೆಯ ಮಾತಿನಿಂದ ಅದೇ ರಸ್ತೆಯ ಇನ್ನೂ ಎಂಟು ಮನೆಗಳಿಗೆ ಶಾಂತಾದೇವಿಯೇ ಕೊಡುತ್ತಿದ್ದರು. ಒಂಬತ್ತೂ ಕೈಬಿಟ್ಟವು. ಅವರು ನನ್ನ ಮುಂದೆ ಇದನ್ನು ಎತ್ತಲೇ ಇಲ್ಲ. ಕೊಟ್ರಪ್ಪನವರ ಬಾಯಿಂದ ನನಗೆ ತಿಳಿದಿದ್ದು ಜೂನ್ ತಿಂಗಳಲ್ಲಿ.

ಒಗೆದ ಅಂಗಿ ಹಾಕಿಕೊಂಡು ಪದ್ಮನಾಭನಗರಕ್ಕೆ ಹೋದೆ. ನಡೆದದ್ದನ್ನು ನಡೆದ ಹಾಗೆ ಹೇಳುವುದು, ತಪ್ಪು ನನ್ನದು ಎಂದು ಒಪ್ಪಿಕೊಳ್ಳುವುದು, ಅವರನ್ನು ಮತ್ತೆ ಕರೆಯಿರಿ ಎಂದು ಕೇಳುವುದು. ದಾರಿಯುದ್ದಕ್ಕೂ ಇದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ. ತೇಜಸ್ವಿನಿಯವರು ಗೇಟಿನ ಒಳಗೇ ನಿಂತು ಅರ್ಧ ಕೇಳಿದರು.

"ಬೋಟ್ ವಿಷಯ ನನಗ್ಯಾಕಪ್ಪಾ? ಮಳೆ ಬರೋದು ಗೊತ್ತಾಗದೋರು ಸಂಡಿಗೆ ಆರ್ಡರ್ ತಗೋಬಾರ್ದು."

ಶಾಂತಾದೇವಿಯವರಿಗೆ ಮಳೆ ಗೊತ್ತಾಗುವುದಿಲ್ಲ ಎಂದರು, ಅಷ್ಟೇ ನನಗೆ ಕೇಳಿಸಿದ್ದು. ನಾನು ಗೇಟಿಗೆ ಒದ್ದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಎಂಟು ಮನೆಯವರೂ ಹೊರಗೆ ಬಂದು ನೋಡಿದರು. ಶಾಂತಾದೇವಿ ರೌಡಿ ಕಳಿಸಿ ಹೆದರಿಸಿದರು ಎಂದು ಆ ರಸ್ತೆಯಲ್ಲಿ ಈಗಲೂ ಹೇಳುತ್ತಾರಂತೆ.

ಈ ಬೇಸಿಗೆಯಲ್ಲೂ ಹಸಿರು ಸೀರೆ ಏಳುತ್ತದೆ, ನಾನು ಸೀಟಿ ಊದುತ್ತೇನೆ. ಆದರೆ ಎಂಟು ಸೀರೆ ಹಾಸುತ್ತಿದ್ದ ತಾರಸಿಯಲ್ಲಿ ಈಗ ಮೂರೇ ಸೀರೆ. ಪದ್ಮನಾಭನಗರದಲ್ಲಿ ನಾನು ಮಾಡಿದ್ದನ್ನು ಅವರಿಗೆ ಇನ್ನೂ ಹೇಳಿಲ್ಲ.