ಮೆಕ್ಯಾನಿಕ್ ನಿಂಗಯ್ಯ ಮತ್ತು ಅರ್ಧ ಲೋಟ ಎಣ್ಣೆ

ವಸ್ತಾರೆಯ ಮೆಕ್ಯಾನಿಕ್ ನಿಂಗಯ್ಯನಷ್ಟು ಬಾಯಿಬಡುಕನನ್ನು ನಾನು ಕಂಡಿಲ್ಲ. ಅವನಷ್ಟು ಚೊಕ್ಕ ಕೆಲಸಗಾರನನ್ನೂ ಕಂಡಿಲ್ಲ. ಮೊದಲೇ ಹೇಳಿಬಿಡುತ್ತೇನೆ: ಅವನ ಹೆಸರು ಕೆಟ್ಟಿದ್ದು ಅರ್ಧ ಲೋಟ ಎಣ್ಣೆಯಿಂದ ಮತ್ತು ನನ್ನ ಹಾಳು ನಾಲಗೆಯಿಂದ. ಆಗ ನಾನು ಮಲ್ಲಂದೂರಿನ ಹತ್ತಿರ ಪರಮೇಶ್ವರಪ್ಪನವರ ಎಸ್ಟೇಟಿನಲ್ಲಿ ಲೆಕ್ಕ-ಹಾಜರಿ ಬರೆಯುವ ರೈಟರ್ ಆಗಿದ್ದೆ.

ಹಳೇ ಜೀಪಿನ ಬ್ರೇಕು ಹಿಡಿದುಕೊಂಡು ಬಿಡದೇ ಹೋದರೆ ಈ ಕಡೆಯವರೆಲ್ಲ ನಿಂಗಯ್ಯನ ಶೆಡ್ಡಿಗೇ ಹೋಗುತ್ತಿದ್ದರು. ಅವನು ಮೊದಲು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಜೀಪನ್ನು ಒಂದು ಮೈಲಿ ಓಡಿಸಿಕೊಂಡು ಬಂದು, ಚೊಂಬಿನಲ್ಲಿ ನೀರು ತಂದು ನಾಲ್ಕೂ ಚಕ್ರದ ಡ್ರಮ್ಮಿಗೆ ಚಿಮುಕಿಸುತ್ತಿದ್ದ. ಚುಯ್ ಎಂದ ಚಕ್ರಕ್ಕೆ "ಇದಕ್ಕೆ ಜ್ವರ ಬಂದಿದೆ" ಎನ್ನುತ್ತಿದ್ದ. ಅದನ್ನು ಜಾಕಿ ಕೊಟ್ಟು ಎತ್ತಿ, ಡ್ರಮ್ಮಿನ ಹಿಂದಿರುವ ನಿಪ್ಪಲ್ ಸಡಿಲಿಸಿ ಸ್ವಲ್ಪ ಬ್ರೇಕ್ ಎಣ್ಣೆ ಹೊರಗೆ ಬಿಡುತ್ತಿದ್ದ. ಆಗ ಚಕ್ರ ತಿರುಗಿದರೆ ರೋಗ ಮೇಲೆ, ಪೈಪಿನಲ್ಲೋ ಮೇನ್ ಸಿಲಿಂಡರಿನಲ್ಲೋ. ತಿರುಗದಿದ್ದರೆ ಡ್ರಮ್ಮಿನ ಒಳಗೇ, ತುಕ್ಕು ಹಿಡಿದ ಸ್ಪ್ರಿಂಗು. ಇಷ್ಟಾದ ಮೇಲೆ ಬೈಗುಳ ಶುರು.

"ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳ್ದು ವಾರಗಟ್ಲೆ ನಿಲ್ಲಿಸ್ಬೇಡಿ, ಚಕ್ರಕ್ಕೆ ಕಲ್ಲು ಕೊಡಿ ಅಂತ ಎಷ್ಟು ಸಲ ಹೇಳ್ಬೇಕು ಮಾರಾಯ್ರೇ? ಇಷ್ಟು ದೊಡ್ಡ ತೋಟದಲ್ಲಿ ಒಂದು ಕಲ್ಲು ಸಿಗ್ಲಿಲ್ವಾ ನಿಮಗೆ?"

ಆಳುಗಳು ಕೇಳಿಸಿಕೊಳ್ಳುವಂತೆ ನಮ್ಮ ಸಾಹುಕಾರ ಪರಮೇಶ್ವರಪ್ಪನವರಿಗೂ ಇದೇ ಪಾಠ. ಅವರು ನಕ್ಕಂತೆ ಮಾಡುತ್ತಿದ್ದರು, ಒಳಗೊಳಗೇ ಉರಿಯುತ್ತಿತ್ತು.

೧೯೯೭ರ ಜನವರಿ, ಕಾಫಿ ಕುಯ್ಲಿನ ಸಮಯ. ನಮ್ಮ ಜೀಪಿನ ಬ್ರೇಕ್ ಸಿಲಿಂಡರುಗಳಿಗೆ ನಿಂಗಯ್ಯ ಹೊಸ ರಬ್ಬರುಗಳನ್ನು ಹಾಕಿಕೊಟ್ಟಿದ್ದ. ಹದಿನೈದು ದಿನಕ್ಕೆ ಬ್ರೇಕ್ ಎಣ್ಣೆ ಸ್ವಲ್ಪ ಇಳಿದಿತ್ತು. ಸಾಹುಕಾರರು ಸ್ಪ್ರೇಯರ್ ಇಂಜಿನ್ನಿಗೆ ಇಟ್ಟಿದ್ದ ಎಣ್ಣೆಯ ಡಬ್ಬ ತರಿಸಿದರು.

"ಸಾರ್, ಇದಕ್ಕೆ ಬೇರೆ ಎಣ್ಣೆ ಅಲ್ವಾ? ನಿಂಗಯ್ಯನ್ನ ಒಂದ್ಮಾತು ಕೇಳೋಣ" ಎಂದೆ.

"ಮತ್ತೆ ಅವನ ಹತ್ರ ಬೈಸ್ಕೊಳ್ಳೋಕಾ? ಎಣ್ಣೆ ಅಂದ್ರೆ ಎಣ್ಣೆ ಕಣೋ" ಎಂದು ಅರ್ಧ ಲೋಟ ಸುರಿದೇಬಿಟ್ಟರು. ಮುಚ್ಚಳ ಹಿಡಿದು ಪಕ್ಕದಲ್ಲಿ ನಿಂತಿದ್ದವನು ನಾನು.

ಮೂರನೆಯ ದಿನ ಕುಯ್ಲಿನ ಹೆಂಗಸರನ್ನು ತುಂಬಿಕೊಂಡು ಬರುತ್ತಿದ್ದ ಜೀಪಿನ ಬ್ರೇಕು ಹಿಡಿದದ್ದು ಬಿಡಲಿಲ್ಲ. ಡ್ರೈವರ್ ಹಾಗೇ ಎಳೆದುಕೊಂಡು ಬಂದ. ಡ್ರಮ್ಮುಗಳು ಕಾದು ಹೊಗೆಯಾಡಿ, ಒಳಗಿನ ಲೈನಿಂಗು ಸುಟ್ಟು, ಇಳಿಜಾರಿನಲ್ಲಿ ಹಿಡಿಯಬೇಕಾದಾಗ ಬ್ರೇಕು ಹಿಡಿಯಲೇ ಇಲ್ಲ. ಜೀಪು ರಸ್ತೆಬದಿಯ ಮಣ್ಣಿನ ದರೆಗೆ ಗುದ್ದಿ ಮಗುಚಿತು. ತಂಗಮ್ಮ ಎಂಬವಳ ಬಲಗಾಲು ಅಡಿಗೆ ಸಿಕ್ಕಿ ಜಜ್ಜಿಹೋಯಿತು.

ನಿಂಗಯ್ಯ ಸೈಕಲ್ ತುಳಿದುಕೊಂಡು ಬಂದ. ಬ್ರೇಕ್ ಎಣ್ಣೆಯ ಮುಚ್ಚಳ ಬಿಚ್ಚಿ, ಬೆರಳದ್ದಿ ಮೂಸಿ, ಮತ್ತೆ ಮುಚ್ಚಿದ. ಮರುದಿನವೇ ಸಾಹುಕಾರರು ಜೀಪನ್ನು ದೂರದ ಗ್ಯಾರೇಜಿಗೆ ಸಾಗಿಸಿ ಬ್ರೇಕಿನ ಎಲ್ಲ ಸಾಮಾನು ಬದಲಾಯಿಸಿದರು.

ಮುಂದಿನ ವಾರ ಕಾಫಿ ಕಣದಲ್ಲಿ ಪಂಚಾಯ್ತಿ ಸೇರಿತು. "ಬ್ರೇಕ್ ಕೆಲಸ ಮಾಡಿದ್ದು ನಿಂಗಯ್ಯ, ಅವನನ್ನೇ ಕೇಳಿ" ಎಂದರು ಸಾಹುಕಾರರು.

"ಬ್ರೇಕ್ ಎಣ್ಣೇಲಿ ಇಂಜಿನ್ ಎಣ್ಣೆ ವಾಸನೆ ಇತ್ತು ಸ್ವಾಮೀ. ಅದು ಬಿದ್ರೆ ನಾನು ಹಾಕಿದ ರಬ್ಬರು ಊದಿಕೊಳ್ಳುತ್ತೆ. ಊದಿದ ಮೇಲೆ ಬ್ರೇಕು ಬಿಡೋದು ಹೆಂಗೆ?" ನಿಂಗಯ್ಯ ನನ್ನ ಕಡೆ ತಿರುಗಿದ. "ರೈಟ್ರೇ, ನೀವು ದಿನಾ ಅಲ್ಲೇ ಇರ್ತೀರಲ್ಲ. ಯಾರಾದ್ರೂ ಎಣ್ಣೆ ಹಾಕಿದ್ರಾ?"

ಸಾಹುಕಾರರು ನನ್ನನ್ನೇ ನೋಡುತ್ತಿದ್ದರು. ಕೆಲಸ, ಕ್ವಾರ್ಟರ್ಸು, ಮಗಳು ಅರ್ಪಿತಾಳ ಸ್ಕೂಲು ಎಲ್ಲ ಕಣ್ಣ ಮುಂದೆ ಬಂತು.

"ನಂಗೊತ್ತಿಲ್ಲ" ಎಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಅಲ್ಲಿಂದಾಚೆ ಒಂದು ಜೀಪೂ ನಿಂಗಯ್ಯನ ಶೆಡ್ಡಿಗೆ ಹೋಗಲಿಲ್ಲ. ಅವನು ಶೆಡ್ಡು ಬಿಚ್ಚಿ ರಸ್ತೆಬದಿಯಲ್ಲಿ ಸೈಕಲ್ ಪಂಕ್ಚರ್ ಅಂಗಡಿ ಹಾಕಿದ. ತಂಗಮ್ಮ ಕೋಲೂರಿಕೊಂಡು ಆ ದಾರಿಯಲ್ಲಿ ಹೋಗುವಾಗಲೆಲ್ಲ "ನಿನ್ನ ಕೈ ಸೇದ್ಹೋಗ" ಎಂದು ಶಾಪ ಹಾಕುತ್ತಿದ್ದಳು. ಅವನು ತಲೆ ತಗ್ಗಿಸಿ ಟ್ಯೂಬು ಉಜ್ಜುತ್ತಿದ್ದ. ನಿಂಗಯ್ಯ ಬೈಯುವುದನ್ನೇ ಬಿಟ್ಟಿದ್ದ. ಅದನ್ನು ನೋಡಲಾಗುತ್ತಿರಲಿಲ್ಲ, ಆದರೂ ಹತ್ತು ವರ್ಷ ನೋಡಿದೆ.

೨೦೦೭ರಲ್ಲಿ ಸಾಹುಕಾರರು ತೀರಿಕೊಂಡರು. ಆಗ ಬಂತು ನನಗೆ ಧೈರ್ಯ, ನಾಚಿಕೆಗೆಟ್ಟ ಧೈರ್ಯ. ನಿಂಗಯ್ಯನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಟ್ಯೂಬು ಕೆಳಗಿಡಲಿಲ್ಲ.

"ನಂಗ್ಯಾಕೆ ಹೇಳ್ತೀರಿ ರೈಟ್ರೇ? ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ದೇ ಇರೋದು ತಂಗಮ್ಮಂಗೆ."

ಅಲ್ಲಿಂದ ನೇರ ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದವಳು ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ತೇ ಹೇಳಿದ್ರೆ ನಿಮ್ಮ ಕೆಲ್ಸ ಹೋಗ್ತಿತ್ತು, ಅಲ್ವಾ?"

"ಹೂಂ" ಎಂದೆ.

"ನನ್ನ ಕಾಲು ಹೋಯ್ತು. ಅವನ ಶೆಡ್ಡು ಹೋಯ್ತು. ಹತ್ತು ವರ್ಷ ಅವನಿಗೆ ಶಾಪ ಹಾಕಿದ್ನಲ್ಲ, ಅದನ್ನ ಹೆಂಗೆ ವಾಪಸ್ ತಗೊಳ್ಲಿ? ನಿಮ್ಮ ಕೆಲ್ಸ ಉಳೀತಲ್ಲ, ಒಳ್ಳೇದಾಯ್ತು ಬಿಡಿ."

ಮೊರ ಪಕ್ಕಕ್ಕಿಟ್ಟು ಎದ್ದು, ಕೋಲೂರಿಕೊಂಡು ನಿಂಗಯ್ಯನ ಅಂಗಡಿಯ ಕಡೆ ನಡೆದಳು. ನನ್ನನ್ನು ಬಾ ಎನ್ನಲಿಲ್ಲ.