ನಮ್ಮ ರಂಗ ಬಿಲ್ಡಿಂಗ್ ಓನರ್ ಆದ

ಗೆಳೆಯರೇ, ಶಿರಾ ಗೇಟ್‌ನಲ್ಲಿ ಪೇಂಟ್ ಅಂಗಡಿಯ ಶಟರ್ ಮುಂದೆ ಮಲಗುವ ನಮ್ಮ ರಂಗ ಇವತ್ತು ಬಿಲ್ಡಿಂಗ್ ಓನರ್ ಆಗಿಬಿಟ್ಟ! ಅವನ ಎರಡೂ ಕಾಲಿಗೆ ಪೋಲಿಯೊ. ಅವನಂಥ ಮನೆಯಿಲ್ಲದ ಅಂಗವಿಕಲರಿಗೆ, ನೋಡಿಕೊಳ್ಳುವವರೂ ಇರುವಂಥ ಒಂದು ಮನೆ ಮಾಡಲು ಸರ್ಕಾರದ ಹಣ ಕೇಳಿ, ಅಲ್ಲಿರಬೇಕಾದವರ ಪಟ್ಟಿಯೊಂದಿಗೆ ನಮ್ಮ ಸಂಘದಿಂದ ಅರ್ಜಿ ಹಾಕಿದ್ದೆವು. ಒಬ್ಬೊಬ್ಬರೂ ಈಗಿರುವ ಜಾಗದ ಫೋಟೋ ಕೇಳಿದ್ದರು, ರಂಗನನ್ನು ಶಟರ್ ಮುಂದೆಯೇ ಕೂರಿಸಿ ತೆಗೆದುಕೊಟ್ಟಿದ್ದೆ.

ಇವತ್ತು ರಂಗನನ್ನೂ ಕರೆದುಕೊಂಡು ಆಫೀಸಿಗೆ ಹೋದರೆ, ಅರ್ಜಿ ಪರಿಶೀಲಿಸುವ ಸಾಹೇಬರು ಫೋಟೋ ನೋಡಿ, "ಏನ್ರೀ, ಎರಡಂತಸ್ತಿನ ಬಿಲ್ಡಿಂಗೇ ಐತಲ್ಲ! ಇವನಿಗ್ಯಾಕ್ರೀ ಮನೆ?" ಎಂದು ಪಟ್ಟಿಯಲ್ಲಿ ರಂಗನ ಹೆಸರು ಹೊಡೆದುಹಾಕಿದರು.

"ಸಾರ್, ಅದು ಅಂಗಡಿ. ಇವ್ನು ಹೊರಗಡೆ ಮಲಗ್ತಾನೆ" ಎಂದೆ.

"ಫೋಟೋದಲ್ಲಿ ಹಂಗೆ ಕಾಣ್ತಿಲ್ವಲ್ರೀ. ಬೇರೆ ತೆಗ್ಸಿ."

ರಂಗ ಕೈಮುಗಿದ. "ಹಂಗಾರೆ ಬೀಗದ ಕೈ ಕೊಡ್ಸಿ ಸ್ವಾಮಿ, ಇವತ್ತಿಂದ ಒಳಗೇ ಮಲಗ್ತೀನಿ."

ನಾಳೆ ಅವನನ್ನು ಸಾಹೇಬರ ಆಫೀಸಿನ ಮುಂದೆ ಕೂರಿಸಿ ಫೋಟೋ ತೆಗೆಯುತ್ತೇನೆ. ಅದೂ ಅವನದೇ ಆಗಲಿ.